ಹೊಗೆ ಹೇಳುವ ಮಾತು ಕೇಳುವವರಿಲ್ಲ!

ಟೊಮೆಟೊ ಸುಗ್ಗಿ ಬಂತೆಂದರೆ ಕೋಲಾರದ ಎ.ಪಿ.ಎಂ.ಸಿ. ಕಡೆಗೆ ಪಿಕಪ್ ಗಾಡಿಗಳ ಸಾಲೋ ಸಾಲು. ಅದರಲ್ಲೊಂದು ನಡುರಸ್ತೆಯಲ್ಲಿ ಕೆಟ್ಟು ನಿಂತರೆ ಮುಗಿಯಿತು. ಹಿಂದೆ ಬಸ್ಸು, ಬಸ್ಸಿನೊಳಗೆ ಕೆಲಸಕ್ಕೆ ಹೊರಟ ಜನ. ರೈತನ ಬಾಕ್ಸುಗಳು ಮಂಡಿ ಮುಟ್ಟುವಷ್ಟರಲ್ಲಿ ಹರಾಜು ಮುಗಿದಿರುತ್ತದೆ. ಎಲ್ಲರ ಬೈಗುಳವೂ ಡ್ರೈವರಿಗೇ!

ಗಾಡಿ ಕೆಟ್ಟದ್ದು ಆ ಹೊತ್ತಿನಲ್ಲೇ? ಅಲ್ಲ. ಡೀಸೆಲ್ ಎಂಜಿನ್ನು ಎಷ್ಟೋ ಸಲ ಮೊದಲೇ ಹೊಗೆಯಲ್ಲಿ ಹೇಳಿರುತ್ತದೆ.

ಕಪ್ಪು ಹೊಗೆ ಬಂದರೆ ಎಂಜಿನ್ನಿಗೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚಾಗಿದೆ ಎಂದರ್ಥ. ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಬೇಕು. ಧೂಳು ಕಟ್ಟಿಲ್ಲವಾದರೆ ಆಮೇಲೆ ಇಂಜೆಕ್ಟರ್ ಮಾತು. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ರಿಂಗೋ, ಟರ್ಬೋ ಸೀಲೋ ಹೋಗಿರಬಹುದು. ಚಳಿಯ ಬೆಳಿಗ್ಗೆ ಎರಡು ನಿಮಿಷ ಬಿಳಿ ಹೊಗೆ ಬಂದರೆ ಭಯವಿಲ್ಲ. ಎಂಜಿನ್ನು ಬಿಸಿಯಾದ ಮೇಲೂ ಬರುತ್ತಾ ಇದ್ದು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಆಗಲೂ ‘ಇದೊಂದು ಟ್ರಿಪ್ ಹೊಡೀ, ಆಮೇಲೆ ನೋಡೋಣ’ ಎಂದರೆ ಎಂಜಿನ್ನೇ ಇಳಿಸಬೇಕಾದೀತು.

ಸ್ಟಾರ್ಟ್ ಆಗದಿದ್ದರೂ ಕಾಸಿನ ಕೆಲಸ ಮೊದಲು, ಸಾವಿರದ ಕೆಲಸ ಆಮೇಲೆ. ಬ್ಯಾಟರಿ ಟರ್ಮಿನಲ್ ಸಡಿಲವೇ? ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ನಿಂತಿದೆಯೇ? ಟ್ಯಾಂಕು ಬರಿದಾಗಿ ಲೈನಿನಲ್ಲಿ ಗಾಳಿ ಹಿಡಿದಿದೆಯೇ? ಕೈಪಂಪು ಇರುವ ಗಾಡಿಯಲ್ಲಿ ಒತ್ತಿ ಒತ್ತಿ ಗಾಳಿ ತೆಗೆದರೆ ಆಯಿತು. ಆದರೆ ಕಾಮನ್ ರೈಲ್ ಗಾಡಿಯಲ್ಲಿ ಎಂಜಿನ್ನು ಓಡುವಾಗ ಇಂಜೆಕ್ಟರ್ ಪೈಪು ಸಡಿಲಿಸಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮವನ್ನೇ ಸೀಳಿ ಒಳಹೋದೀತು. ಬಿಸಿ ರೇಡಿಯೇಟರಿನ ಮುಚ್ಚಳವೂ ಅಷ್ಟೇ, ಆರುವ ತನಕ ಮುಟ್ಟಬಾರದು.

ಇವೆಲ್ಲ ಡ್ರೈವರುಗಳಿಗೆ ಗೊತ್ತಿಲ್ಲವೇ? ಬಹಳ ಮಂದಿಗೆ ಗೊತ್ತು. ಬೆಳಿಗ್ಗೆ ಹತ್ತು ನಿಮಿಷ ಬಾನೆಟ್ ಎತ್ತಲು ಪುರಸೊತ್ತು ಕೊಡುವವರು ಯಾರು? ಮಾಲೀಕರಿಗೆ ಟ್ರಿಪ್ಪಿನ ಲೆಕ್ಕ, ಅಂಗಡಿಯವರಿಗೆ ‘ಇನ್ನೂ ನಾಲ್ಕು ಬಾಕ್ಸ್ ಹಾಕು’ ಎಂಬ ಆತುರ. ಗಾಡಿಗೆ ಬಣ್ಣದ ಲೈಟು, ಹಾರ್ನು, ಸ್ಟಿಕ್ಕರಿಗೆ ಹಣ ಉಂಟು, ಫಿಲ್ಟರಿಗಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ!

ಇದು ಮಾಲೀಕರೊಬ್ಬರ ಜೇಬಿನ ಪ್ರಶ್ನೆಯೂ ಅಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಆ ಹೊಗೆ ಕುಡಿಯುವವರು ಬಸ್ ಸ್ಟಾಪಿನಲ್ಲಿ ನಿಂತ ಮಕ್ಕಳು, ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂತ ಅಂಗಡಿಯವರು. ಎಮಿಷನ್ ಚೀಟಿ ಜೇಬಿನಲ್ಲಿದ್ದ ಮಾತ್ರಕ್ಕೆ ಕಪ್ಪು ಹೊಗೆ ಬಿಳಿಯಾಗುವುದಿಲ್ಲ.

ಬಾಡಿಗೆ ಚೌಕಾಸಿ ಮಾಡುವ ಅಂಗಡಿಯವರು ಇನ್ನು ಮೇಲೆ ಗಾಡಿಯ ಹೊಗೆಯನ್ನೂ ಒಮ್ಮೆ ನೋಡಲಿ. ಮಾಲೀಕರು ಡ್ರೈವರಿಗೆ ದಿನಕ್ಕೆ ಹತ್ತು ನಿಮಿಷ, ಜೊತೆಗೆ ಫಿಲ್ಟರಿನ ದುಡ್ಡು ಕೊಡಲಿ. ನಡುರಸ್ತೆಯಲ್ಲಿ ಬೈಸಿಕೊಳ್ಳಬೇಕಾದವನು ಸ್ಟಿಯರಿಂಗ್ ಹಿಡಿದವನಲ್ಲ!