ನಮ್ಮ ಮಾತು: ಅಪ್ಪಣೆ ಒಬ್ಬರದು, ವೆಚ್ಚ ಇನ್ನೊಬ್ಬರದು

‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ಗಾದೆ ನಮ್ಮ ಮನೆಗಳಲ್ಲಿ ಹೊಸತಲ್ಲ. ಮೇಲಿನ ಸರಕಾರಗಳು ಊರ ಪಂಚಾಯತುಗಳಿಗೆ ಕಳುಹಿಸುವ ಆದೇಶಗಳನ್ನು ಕಂಡಾಗಲೆಲ್ಲ ನಮಗೆ ಅದೇ ಗಾದೆ ನೆನಪಾಗುತ್ತದೆ. ಕೆಲಸವನ್ನು ಗೊತ್ತುಪಡಿಸುವವರು ಒಬ್ಬರು, ಹಣವನ್ನು ಹೊಂದಿಸಬೇಕಾದವರು ಇನ್ನೊಬ್ಬರು.

ಬೀದಿನಾಯಿಗಳ ವಿಷಯವನ್ನೇ ನೋಡೋಣ. ಕೇಂದ್ರ ಸರಕಾರವು 2023ರ ಮಾರ್ಚ್ ತಿಂಗಳಲ್ಲಿ ಹೊರಡಿಸಿದ ನಿಯಮಗಳು ಅವುಗಳ ಸಂತಾನಹರಣ ಚಿಕಿತ್ಸೆಯ ಮತ್ತು ರೇಬೀಸ್ ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಉದ್ದೇಶ ಒಳ್ಳೆಯದೇ, ಮಕ್ಕಳನ್ನು ಶಾಲೆಗೆ ಕಳುಹಿಸುವ ಯಾವ ತಾಯಿಯೂ ಬೇಡವೆನ್ನಲಾರಳು. ಆದರೆ ನಾಯಿ ಹಿಡಿಯಬಲ್ಲವರು, ವಾಹನ, ಶಸ್ತ್ರಚಿಕಿತ್ಸೆಯ ಕೊಠಡಿ, ಪಶುವೈದ್ಯರು, ಗಾಯ ಮಾಯುವವರೆಗೆ ಇರಿಸಲು ಗೂಡುಗಳು, ಇವೆಲ್ಲ ಬೇಕು. ಅಪ್ಪಣೆಯೊಡನೆ ಇಷ್ಟಕ್ಕೂ ಸಾಲುವ ಹಣ ಬರುವುದೆಂಬ ಖಾತರಿ ಇಲ್ಲ.

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತುಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿಮಾಡಿತು. ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗವನ್ನು ನೇಮಿಸಬೇಕೆಂದೂ ವಿಧಿಸಿತು. ಆದರೆ ಆಯೋಗದ ಶಿಫಾರಸು ಸರಕಾರವನ್ನು ಕಟ್ಟಿಹಾಕುವುದಿಲ್ಲ. ಹೊಸ ಹೊಣೆಯೊಡನೆ ಹಣವನ್ನೂ ಕೊಡಲೇಬೇಕೆಂಬ ವಿಧಿ ನಮ್ಮ ಸಂವಿಧಾನದಲ್ಲಿಲ್ಲ.

ಕೇರಳದ ಮಟ್ಟಿಗೆ ನ್ಯಾಯವಾಗಿ ಹೇಳಬೇಕಾದುದೊಂದಿದೆ. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ಮೊತ್ತದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಮೀಸಲಿಡಲು ನಿರ್ಧರಿಸಲಾಯಿತು. ಅದು ಚಿಕ್ಕ ಮಾತಲ್ಲ. ಆದರೂ ಮೇಲಿನಿಂದ ಇಳಿಯುವ ಹೊಸ ಹೊಣೆ ಅದೇ ಗಂಟಿಗೆ ಕೈಹಾಕಿದರೆ, ಗ್ರಾಮಸಭೆಯಲ್ಲಿ ನಾವು ಕೇಳಿದ ರಸ್ತೆಯೋ ಕುಡಿಯುವ ನೀರೋ ಹಿಂದಕ್ಕೆ ಸರಿಯುತ್ತದೆ.

ಹಾಗಾದರೆ ಕಾನೂನೊಂದನ್ನು ಮಾಡಿದರೆ ಸಾಕೆ? ಅಮೆರಿಕೆಯ ಕ್ಯಾಲಿಫೋರ್ನಿಯ ರಾಜ್ಯ ಅದನ್ನು ಮಾಡಿ ನೋಡಿದೆ. ಸ್ಥಳೀಯ ಸಂಸ್ಥೆಗಳಿಗೆ ರಾಜ್ಯವು ಹೊಸ ಕೆಲಸ ವಿಧಿಸಿದರೆ ವೆಚ್ಚವನ್ನು ತಾನೇ ತುಂಬಿಕೊಡಬೇಕೆಂದು ಅಲ್ಲಿನ ಮತದಾರರು 1979ರಲ್ಲಿ ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಬಾಕಿ ಬೆಳೆಯುತ್ತ ಹೋದುದರಿಂದ, ಹಣ ಕೊಡಬೇಕು ಇಲ್ಲವೆ ಆ ವರ್ಷ ಆದೇಶವನ್ನು ತಡೆಹಿಡಿಯಬೇಕು ಎಂದು 2004ರಲ್ಲಿ ಬಿಗಿಮಾಡಿದರು. ಫಲವೇನು? ಸಾರ್ವಜನಿಕ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕೆಂಬ ನಿಯಮವನ್ನೂ 2012ರಲ್ಲಿ ಹಣ ಉಳಿಸಲು ರಾಜ್ಯ ತಡೆಹಿಡಿಯಿತು! ಕೊನೆಗೆ 2014ರ ಜೂನ್‌ನಲ್ಲಿ ಮತದಾರರೇ, ಈ ಹಕ್ಕು ನಮಗೆ ಬೇಕು, ವೆಚ್ಚವನ್ನು ಸ್ಥಳೀಯ ಸಂಸ್ಥೆಗಳೇ ಭರಿಸಲಿ ಎಂದು ತೀರ್ಮಾನಿಸಿದರು.

ಇದರಿಂದ ನಾವು ಕಲಿಯಬೇಕಾದುದಿಷ್ಟು. ಕಾನೂನು ಬೇಕು, ಅದಕ್ಕಿಂತ ಮೊದಲು ಲೆಕ್ಕ ಬಯಲಿಗೆ ಬರಬೇಕು. ಬೆಲೆ ತಿಳಿದಾಗಲೇ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಜನ ನಿರ್ಧರಿಸಬಲ್ಲರು.

ಕೇರಳದ ಕಾನೂನಿನಂತೆ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಓದುಗ ಬಂಧುಗಳು, ವಿಶೇಷವಾಗಿ ಮನೆಯ ಖರ್ಚುವೆಚ್ಚವನ್ನು ತೂಗಿಸಿ ಬಲ್ಲ ತಾಯಂದಿರು, ಅಲ್ಲಿಗೆ ಹೋಗಿ ಮೂರು ಪ್ರಶ್ನೆಗಳನ್ನು ಕೇಳಲಿ. ಈ ವರ್ಷ ಮೇಲಿನಿಂದ ಬಂದ ಹೊಸ ಕೆಲಸಗಳು ಯಾವುವು? ಅವುಗಳಿಗೆ ಎಷ್ಟು ಹಣ ಬಂದಿದೆ? ಸಾಲದೆ ಹೋದುದನ್ನು ನಮ್ಮ ಯಾವ ಕೆಲಸದಿಂದ ಕಡಿದು ತುಂಬಿದ್ದೀರಿ? ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕುವವರೆಗೆ ಕುಳಿತಿರುವುದು ಒಳ್ಳೆಯದು.