ದೇವಶಾಸ್ತ್ರದ ಸಂಶೋಧನೆ: ನೂರು ವರ್ಷದ ಲೆಕ್ಕ

1910ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಶುರುವಾದಾಗ ದೇವಶಾಸ್ತ್ರದ ಪುಸ್ತಕಗಳು ಹಡಗಿನಲ್ಲಿ ಬರುತ್ತಿದ್ದವು. ಪ್ರಶ್ನೆಗಳೂ ಅದರಲ್ಲೇ ಬರುತ್ತಿದ್ದವು. 1918ರ ಕಾಯ್ದೆಯಿಂದ ಸೆರಾಂಪುರ ಕಾಲೇಜಿನ ಸೆನೆಟ್ ರಚನೆಯಾಗಿ ಪದವಿಗಳಿಗೆ ಇಲ್ಲಿಯದೇ ವ್ಯವಸ್ಥೆ ಬಂತು. ಸಂಶೋಧನೆ ಮಾತ್ರ ಬಹುಕಾಲ ಪರದೇಶದ ಪಂಡಿತರಿಗೆ ಒಪ್ಪಿಸುವ ಪಾಠದಂತೆಯೇ ಇತ್ತು.

ಗಾಳಿ ತಿರುಗಿದ್ದು 1957ರ ಸುಮಾರಿಗೆ. ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದೇ ಬೆಂಗಳೂರಿನಲ್ಲಿ ಹುಟ್ಟಿದ ಕ್ರೈಸ್ತ ಸಂಸ್ಥೆಯಲ್ಲಿ ಪಿ. ಡಿ. ದೇವಾನಂದನ್, ಅವರ ನಂತರ ಎಂ. ಎಂ. ಥಾಮಸ್, ಹೊಸ ದೇಶದ ರಾಜಕಾರಣವನ್ನೂ ಹಿಂದೂ ಚಿಂತನೆಯನ್ನೂ ದೇವಶಾಸ್ತ್ರದ ಮೇಜಿಗೆ ತಂದರು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1981ರಲ್ಲಿ. ಭಾರತೀಯ ಕ್ರೈಸ್ತ ಚಿಂತನೆ ಮೇಲ್ಜಾತಿಯಿಂದ ಬಂದವರ ವೇದಾಂತದಲ್ಲೇ ಮುಳುಗಿದೆ, ಸಭೆಯ ಬಹುಪಾಲು ಜನರಾದ ದಲಿತರು ಅದರಲ್ಲಿ ಎಲ್ಲಿದ್ದಾರೆ ಎಂದು ಅರವಿಂದ ನಿರ್ಮಲ್ ಯುನೈಟೆಡ್ ಕಾಲೇಜಿನಲ್ಲೇ ಕೇಳಿದರು. ಆಮೇಲೆ ವಿದ್ಯಾರ್ಥಿಯ ಸ್ವಂತ ಕೇರಿಯೂ ಸಂಶೋಧನೆಯ ಕ್ಷೇತ್ರವಾಯಿತು. ಸತ್ಯನಾಥನ್ ಕ್ಲಾರ್ಕ್ 1998ರ ಪುಸ್ತಕದಲ್ಲಿ ತಮಿಳುನಾಡಿನ ಪರೈಯರ ಚರ್ಮವಾದ್ಯದಲ್ಲಿ ಕ್ರಿಸ್ತನನ್ನು ಹುಡುಕಿದರು. ನಮ್ಮ ತಮಟೆಗೆ ಅಂಥ ಪುಸ್ತಕ ಬಂದರೆ ಮೊದಲು ಕೊಳ್ಳುವವರಲ್ಲಿ ನಾವೂ ಇರುತ್ತೇವೆ.

ಕನ್ನಡದ ಕಡೆ ನೋಡಿದರೆ ಸರಕಿಗೆ ಬರವಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಹಳೆಯ ಮುದ್ರಣಗಳು 1965ರಲ್ಲಿ ಆರಂಭವಾದ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿವೆ. ಬಾಸೆಲ್‌ನ ಫೋಟೊ ಸಂಗ್ರಹವನ್ನು ಈಗ ಮನೆಯಲ್ಲೇ ಕೂತು ತೆರೆಯಬಹುದು. ಆ ಮಿಷನ್ನಿನ ಕಿಟ್ಟೆಲ್ ಅಂದರೆ ಎಲ್ಲರಿಗೂ 1894ರ ನಿಘಂಟು ನೆನಪಾಗುತ್ತದೆ. ಅದೇ ಕಿಟ್ಟೆಲ್ 'ಕಥಾಮಾಲೆ'ಯಲ್ಲಿ ಯೇಸುವಿನ ಬದುಕನ್ನು ನಮ್ಮ ಛಂದಸ್ಸಿಗೆ ಇಳಿಸಿದ್ದಾರೆ. ಕುಮಾರವ್ಯಾಸನ ಗಮಕ ಕೇಳಿ ಬೆಳೆದ ಕಿವಿಗೆ ಆ ಯೇಸು ಹೇಗೆ ಕೇಳಿಸಿದ್ದಾನು? ಇದು ಭಾಷಾಶಾಸ್ತ್ರದ್ದಲ್ಲ, ದೇವಶಾಸ್ತ್ರದ ಪ್ರಶ್ನೆ. ಒಂದು ಎಂ.ಟಿಎಚ್. ಪದವಿಯ ಪ್ರಬಂಧಕ್ಕೆ ಧಾರಾಳವಾಗಿ ಸಾಕು.

ತೊಡಕಿರುವುದು ಬೇರೆ ಕಡೆ. ಬಾಸೆಲ್ ಮಿಷನರಿಗಳ ಪತ್ರಗಳು ಹಳೆಯ ಜರ್ಮನ್ ಮೋಡಿ ಅಕ್ಷರದಲ್ಲಿವೆ. ಇಂದಿನ ಜರ್ಮನರೂ ಅದನ್ನು ತಡವರಿಸುತ್ತಲೇ ಓದುತ್ತಾರೆ. ಅದನ್ನು ಓದಬಲ್ಲವರಲ್ಲಿ ಕನ್ನಡ, ತುಳು ಬಲ್ಲವರು ವಿರಳ. ನಮ್ಮ ಹುಡುಗ ಹುಡುಗಿಯರನ್ನು ಜರ್ಮನ್ ಕಲಿಯಲು ಕಳಿಸುವವರು ಕಡಿಮೆ. ಇನ್ನೊಂದು, ನಮ್ಮ ಸಭಾಪ್ರಾಂತಗಳ ರೀತಿ. ದೇವಶಾಸ್ತ್ರದ ಬಿ.ಡಿ. ಪದವಿ ಮುಗಿಸಿದವರನ್ನು ಸಭಾಪಾಲನೆಗೆ ಹಾಕುತ್ತಾರೆ. ಮುಂದೆ ಓದಬೇಕೆಂದರೆ ಬಿಷಪ್ಪರ ಪತ್ರ ಬೇಕು. ಪತ್ರ ಬರುವಷ್ಟರಲ್ಲಿ ವರ್ಗಾವಣೆಯೂ ಬಂದಿರುತ್ತದೆ. ದೀಕ್ಷೆ ಪಡೆಯದ ಸಾಮಾನ್ಯ ವಿಶ್ವಾಸಿಗಳಿಗೆ ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳ ಕ್ರೈಸ್ತ ಅಧ್ಯಯನ ಪೀಠಗಳಿವೆ. ಅತ್ತ ಯಾರನ್ನಾದರೂ ಕಳಿಸಬೇಕೆಂಬ ಯೋಚನೆ ಸಭೆಗಳಲ್ಲಿ ಕಾಣುವುದೇ ಅಪರೂಪ.

ಕಟ್ಟಡಗಳಿಗೆ ಹಣ ಕೂಡಿಸುವುದರಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ. ರಾಜ್ಯದ ಸಭಾಪ್ರಾಂತಗಳು ಸೇರಿ ಒಬ್ಬ ವಿದ್ಯಾರ್ಥಿಗೆ ಎರಡು ವರ್ಷದ ಜರ್ಮನ್ ಕಲಿಕೆಯ ಖರ್ಚು ಕೊಡಲಿ, ಆ ಅವಧಿಯಲ್ಲಿ ವರ್ಗಾವಣೆ ಮಾಡುವುದಿಲ್ಲವೆಂದು ಬರೆದುಕೊಡಲಿ. ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಅನುಮತಿ ಕೇಳುವ ಅರ್ಜಿಯೂ ಜತೆಗೇ ಹೋಗಲಿ.