ಬೆಚ್ಚಗಾದರೆ ಗಟ್ಟಿಯಾಗುವ ಔಷಧಿ

ಮಕ್ಕಳೇ, ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಬಿಸಿಲಿಗಿಟ್ಟರೆ ಕರಗುತ್ತದೆ. ಪೋಲೋಕ್ಸಮರ್ ಬೆರೆಸಿದ ನೀರು ಇದಕ್ಕೆ ತದ್ವಿರುದ್ಧ. ಫ್ರಿಜ್ಜಿನಲ್ಲಿ ತೆಳ್ಳಗೆ ಹರಿಯುತ್ತದೆ. ಮೈಶಾಖ ತಾಗಿದರೆ ಲೋಳೆಸರದ ತಿರುಳಿನಂತೆ ಗಟ್ಟಿ!

ಮೂತ್ರಪಿಂಡದೊಳಗೆ ಮೂತ್ರ ಸೇರುವ ಜಾಗದಲ್ಲಿ ಕ್ಯಾನ್ಸರ್ ಆದರೆ, ಅಲ್ಲಿಗೆ ಬಿಟ್ಟ ಔಷಧಿಯನ್ನು ಮೂತ್ರವೇ ತೊಳೆದುಬಿಡುತ್ತದೆ. ಎಷ್ಟೋ ಜನ ಮೂತ್ರಪಿಂಡವನ್ನೇ ತೆಗೆಸಬೇಕಾಗುತ್ತಿತ್ತು. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ‘ಜೆಲ್ಮಿಟೊ’ದಲ್ಲಿ ಮೈಟೊಮೈಸಿನ್ ಔಷಧಿ ಈ ಪೋಲೋಕ್ಸಮರ್ ಜೆಲ್ಲಿನೊಳಗಿದೆ. ತಣ್ಣಗೆ ನಳಿಕೆಯಲ್ಲಿ ಹೋಗಿ, ಅಲ್ಲೇ ಗಟ್ಟಿಯಾಗಿ, ನಾಲ್ಕಾರು ಗಂಟೆ ಕರಗುತ್ತಾ ಔಷಧಿ ಬಿಡುತ್ತದೆ. ಇಡೀ ಗಂಟನ್ನು ಒಮ್ಮೆಗೇ ಕೊಡದೆ ಪಿಂಚಣಿ ಕೊಟ್ಟಂತೆ! ವಾರಕ್ಕೊಂದರಂತೆ ಆರು ಸಲ.

ಅಜ್ಜ ಅಜ್ಜಿಯರೇ, ಇದು ನಿಧಾನವಾಗಿ ಬೆಳೆಯುವ ಬಗೆಯ ಗೆಡ್ಡೆಗೆ ಮಾತ್ರ. ಪರೀಕ್ಷೆಗೊಳಗಾದ 71 ಜನರಲ್ಲಿ 42 ಮಂದಿಗೆ ಗೆಡ್ಡೆ ಪೂರ್ತಿ ಮಾಯವಾಯಿತು. ಹಲವರಿಗೆ ಮೂತ್ರನಾಳ ಕಿರಿದಾಗುವ ತೊಂದರೆಯೂ ಆಯಿತು.